ಹೊಟ್ಟೆ ತುಂಬಿದ ಗಪ್ಪಿಗಳ ಜೊತೆ ಒಂದು ಬೇಸಿಗೆ

ಗಪ್ಪಿ ಅಂದರೆ ಮೊಟ್ಟೆ ಇಡದೆ ಜೀವಂತ ಮರಿ ಹಾಕುವ ಪುಟ್ಟ ಸಾಕುಮೀನು. ಅಂಗಡಿಯಲ್ಲಿ ಕೊಳ್ಳುವ ದೊಡ್ಡ ಹೆಣ್ಣು ಗಪ್ಪಿ ಹೆಚ್ಚುಕಡಿಮೆ ಯಾವಾಗಲೂ ಗಬ್ಬದಲ್ಲೇ ಇರುತ್ತದೆ. ಅಲ್ಲಿ ಗಂಡು, ಹೆಣ್ಣು ಎಲ್ಲ ಒಂದೇ ಟ್ಯಾಂಕಿನಲ್ಲಿ ಬೆಳೆದಿರುತ್ತವೆ. ಹೆಣ್ಣಿಗೆ ಎರಡೂವರೆ, ಮೂರು ತಿಂಗಳಾದರೆ ಸಾಕು, ಮರಿ ಹಾಕುವ ವಯಸ್ಸು ಬಂತು. ಒಮ್ಮೆ ಗಂಡಿನ ಜೊತೆ ಕೂಡಿದರೆ ಆ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಇಟ್ಟುಕೊಂಡು, ಮುಂದೆ ಗಂಡೇ ಇಲ್ಲದಿದ್ದರೂ ಒಂದಾದ ಮೇಲೊಂದು ಸೂಲು ಹಾಕುತ್ತದೆ. ಹಾಗಾಗಿ ಗಪ್ಪಿ ಸಾಕುವವರಿಗೆ ಬಸುರಿ ಮೀನಿನ ಆರೈಕೆ ಯಾವತ್ತೋ ಒಂದು ದಿನ ಬರುವ ಕೆಲಸ ಅಲ್ಲ, ಮೊದಲ ದಿನದಿಂದಲೇ ಇರುವ ಕೆಲಸ.

"ಮರಿ ಹಾಕೋವಾಗ ಸತ್ತುಹೋಯ್ತು" ಅನ್ನುವ ಮಾತನ್ನು ಮೀನು ಸಾಕುವವರ ಬಾಯಲ್ಲಿ ತುಂಬಾ ಕೇಳಿದ್ದೇನೆ. ಕಳೆದ ಬೇಸಿಗೆಯಲ್ಲಿ ನಾಲ್ಕು ಹೆಣ್ಣುಗಳನ್ನು ಹತ್ತಿರದಿಂದ ನೋಡಿಕೊಂಡ ಮೇಲೆ ನನಗೆ ಬೇರೆಯೇ ಅನಿಸಿದೆ. ಆರೋಗ್ಯವಾಗಿರುವ ಗಪ್ಪಿಗೆ ಮರಿ ಹಾಕುವುದು ದೊಡ್ಡ ಕಷ್ಟವೇನಲ್ಲ. ಅದಕ್ಕೂ ಮುಂಚಿನ ಮೂರು ನಾಲ್ಕು ವಾರದಲ್ಲಿ ನೀರು ಕೆಟ್ಟಿದ್ದರೆ, ಗಂಡುಗಳು ಬೆನ್ನು ಬಿಡದೆ ಕಾಡಿದ್ದರೆ, ಹೊಟ್ಟೆಯೊಳಗೆ ಹುಳು ಸೇರಿದ್ದರೆ, ಅದೆಲ್ಲ ಮರಿ ಹಾಕುವ ಹೊತ್ತಿಗೆ ಒಟ್ಟಿಗೇ ಮೇಲೆ ಬೀಳುತ್ತದೆ.

ನಮ್ಮ ಮನೆ ಇರುವುದು ತುಮಕೂರಿನಲ್ಲಿ. ಮೀನು ತಂದದ್ದು ಬೆಂಗಳೂರಿನ ಶಿವಾಜಿನಗರದಿಂದ, ರಸೆಲ್ ಮಾರ್ಕೆಟ್ ಹತ್ತಿರದ ಅಂಗಡಿಗಳಿಂದ. ಅಲ್ಲಿ ಹೊಟ್ಟೆ ಚೌಕವಾಗಿ, ಇನ್ನೇನು ಮರಿ ಹಾಕುತ್ತದೆ ಅನ್ನುವಂಥ ಹೆಣ್ಣುಗಳೂ ಇದ್ದವು. ಅವನ್ನು ಬೇಕೆಂದೇ ಬಿಟ್ಟೆ. ತುಂಬಿದ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಂಟೆಗಟ್ಟಲೆ ಕುಲುಕಿಸಿಕೊಂಡು ತಂದರೆ ಆ ಗಾಬರಿಗೆ ಬಲಿಯದ ಮರಿಗಳನ್ನೇ ಹಾಕಿಬಿಡುತ್ತದೆ. ಅಂಥ ಮರಿಗಳ ಹೊಟ್ಟೆಗೆ ಮೊಟ್ಟೆಯ ಹಳದಿ ಭಾಗದ ಚೀಲ ಇನ್ನೂ ಅಂಟಿಕೊಂಡಿರುತ್ತದೆ. ಹೆಚ್ಚಿನವು ಬದುಕುವುದಿಲ್ಲ. ಎಷ್ಟೋ ಸಲ ತಾಯಿಯೂ ಸುಧಾರಿಸಿಕೊಳ್ಳುವುದಿಲ್ಲ. ಆದ್ದರಿಂದ ಹೊಟ್ಟೆ ಇನ್ನೂ ಸಣ್ಣದಾಗಿದ್ದ, ರೆಕ್ಕೆ ಅಗಲಿಸಿಕೊಂಡು ಚುರುಕಾಗಿ ಓಡಾಡುತ್ತಿದ್ದ ನಾಲ್ಕನ್ನು ಆರಿಸಿದೆ. ಎರಡು ಹಳದಿ ಕೋಬ್ರಾ, ಒಂದು ಕಪ್ಪು ಮಾಸ್ಕೋ (ಎರಡೂ ಗಪ್ಪಿಯ ತಳಿಗಳ ಹೆಸರು), ಒಂದು ಕೆಂಪು ಬಾಲದ್ದು. ಥರ್ಮೋಕೋಲ್ ಡಬ್ಬದಲ್ಲಿಟ್ಟು ಬಿಸಿಲು ಇಳಿದ ಮೇಲೆ ಹೊರಟೆ.

ಇನ್ನು ನೀರು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಬಯಲುಸೀಮೆಯ ಊರುಗಳಲ್ಲಿ ಗಬ್ಬದ ಗಪ್ಪಿಗೆ ಮೊದಲ ಅಪಾಯ ಬರುವುದು ಇಲ್ಲಿಂದಲೇ.

ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿದ ಲವಣಗಳ ಅಳತೆ, 900ರ ಆಸುಪಾಸು. ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 8. ಚೀಲದಲ್ಲಿ ಬಂದ ಅಂಗಡಿ ನೀರು ಅಳೆದರೆ ಟಿಡಿಎಸ್ ಅದರ ಅರ್ಧವೂ ಇರಲಿಲ್ಲ. ಗಪ್ಪಿಗೆ ಗಡಸು ನೀರು ಇಷ್ಟ, ನಿಜ. ಆದರೆ ಇಂದು ತೆಳು ನೀರು, ನಾಳೆ ಗಡಸು ನೀರು ಅಂದರೆ ಅದರ ಮೈ ತಡೆಯುವುದಿಲ್ಲ. ಹಾಗಾಗಿ ಚೀಲವನ್ನು ಟ್ಯಾಂಕಿನಲ್ಲಿ ತೇಲಿಬಿಟ್ಟು ಬಿಸಿ ಸಮ ಮಾಡಿದೆ. ಆಮೇಲೆ ಮೀನುಗಳನ್ನು ಚೀಲದ ನೀರಿನ ಸಮೇತ ಬಕೆಟ್ಟಿಗೆ ಬಿಟ್ಟು, ಸಣ್ಣ ಪೈಪಿನಿಂದ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಸೇರಿಸುತ್ತಾ ಹೋದೆ. ಸಂಜೆ ಪೂರ್ತಿ ಇದೇ ಕೆಲಸ. ಹೊಟ್ಟೆಯಲ್ಲಿ ಮರಿ ಇರುವ ಮೀನಿಗೆ ಇಷ್ಟು ತಾಳ್ಮೆ ಬೇಕೇ ಬೇಕು.

ಪಕ್ಕದ ಮನೆಯ ಹುಡುಗ, ಪಿಯುಸಿ ಓದುತ್ತಾನೆ, ಅವನೂ ಗಪ್ಪಿ ಸಾಕಿದ್ದಾನೆ. ಒಂದು ಸಂಜೆ ಬಂದು, "ಅಕ್ಕಾ, ಹೊಟ್ಟೆ ದಪ್ಪ ಇರೋ ಮೀನುಗಳು ನಿಂತಲ್ಲೇ ನಡುಗ್ತಿವೆ, ಬಂದು ನೋಡ್ತೀರಾ?" ಅಂದ. ಹೋಗಿ ನೋಡಿದರೆ ಹೆಣ್ಣುಗಳು ರೆಕ್ಕೆ ಮುದುಡಿಕೊಂಡು, ಮುಂದೆ ಹೋಗದೆ, ಇದ್ದಲ್ಲೇ ಮೈ ಅಲ್ಲಾಡಿಸುತ್ತಿದ್ದವು. ನೀರು ಕನ್ನಡಿಯಂತಿತ್ತು. ಎಲ್ಲಿಂದ ತಂದೆ ಅಂತ ಕೇಳಿದೆ. "ಶುದ್ಧ ನೀರಿನ ಘಟಕದ್ದೇ ಅಕ್ಕಾ, ಐದು ರೂಪಾಯಿ ಕ್ಯಾನು. ನಮಗೆ ಕುಡಿಯೋಕೆ ಒಳ್ಳೇದು ಅಂದ್ಮೇಲೆ ಮೀನಿಗೂ ಒಳ್ಳೇದೇ ಅಲ್ವಾ?"

ಅವನು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಆರ್‌ಓ ಅನ್ನುವ, ಆ ಘಟಕದಲ್ಲಿ ನೀರು ಸೋಸುವ ಯಂತ್ರ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಹೆಚ್ಚುಕಡಿಮೆ ಪೂರ್ತಿ ತೆಗೆದುಬಿಡುತ್ತದೆ. ಗಪ್ಪಿಗೆ ಕ್ಯಾಲ್ಸಿಯಂ ಊಟದಿಂದ ಮಾತ್ರವಲ್ಲ, ಕಿವಿರಿನ ಮೂಲಕ ನೀರಿನಿಂದಲೂ ಸಿಗಬೇಕು. ಇನ್ನೊಂದು ತೊಂದರೆ ಅಂದರೆ ತೆಳು ನೀರಿನಲ್ಲಿ ಪಿಎಚ್ ನಿಲ್ಲುವುದಿಲ್ಲ, ದಿನ ಕಳೆದಂತೆ ಕುಸಿಯುತ್ತದೆ. ಮೀನಿನ ಮೈಯೊಳಗೆ ಉಪ್ಪು ಹೆಚ್ಚು, ಹೊರಗೆ ಕಡಿಮೆ. ಹಾಗಿರುವಾಗ ನೀರು ಒಳಗೆ ನುಗ್ಗುತ್ತಲೇ ಇರುತ್ತದೆ, ಅದನ್ನು ಹೊರಹಾಕುತ್ತಾ ಮೂತ್ರಪಿಂಡ ಸುಸ್ತಾಗುತ್ತದೆ. ಬಸುರಿಗೆ ಈ ಹೊರೆ ಇನ್ನೂ ಭಾರ. ಅವನಿಗೆ ದಿನಕ್ಕೆ ಒಂದೆರಡು ಚೊಂಬು ಬೋರ್‌ವೆಲ್ ನೀರು ಮಾತ್ರ ಬೆರೆಸುತ್ತಾ ಹೋಗು, ಒಟ್ಟಿಗೇ ಬದಲಾಯಿಸಬೇಡ ಅಂತ ಹೇಳಿದೆ. ವಾರ ಕಳೆಯುವಷ್ಟರಲ್ಲಿ ನಡುಕ ನಿಂತಿತ್ತು.

ಬೋರ್‌ವೆಲ್ ನೀರಿಗೂ ಅದರದ್ದೇ ಅಪಾಯ ಇದೆ. ಮೀನಿನ ಹೇಲು, ಉಳಿದ ಆಹಾರ ಕೊಳೆತರೆ ಅಮೋನಿಯಾ ಆಗುತ್ತದೆ. ಈ ಅಮೋನಿಯಾದಲ್ಲಿ ನಿಜವಾಗಿ ವಿಷವಾಗಿರುವ ಭಾಗ ಎಷ್ಟು ಅನ್ನುವುದನ್ನು ಪಿಎಚ್ ತೀರ್ಮಾನಿಸುತ್ತದೆ. ನೀರು 28 ಡಿಗ್ರಿ ಇದ್ದಾಗ, ಪಿಎಚ್ 7ರಲ್ಲಿ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಪಿಎಚ್ 8ರಲ್ಲಿ ಆರೇಳು ಪಾಲು. ಅಂದರೆ ಸುಮಾರು ಹತ್ತು ಪಟ್ಟು ಜಾಸ್ತಿ! ನಮ್ಮಂಥ ನೀರಿರುವವರು ಅಮೋನಿಯಾ ಸ್ವಲ್ಪ ಇದ್ದರೂ ಸುಮ್ಮನಿರುವ ಹಾಗಿಲ್ಲ. ನಾನು ಹೊಸ ಹೆಣ್ಣುಗಳಿಗೆಂದು ಬೇರೆ ಟ್ಯಾಂಕು ಇಡುವ ಮೊದಲೇ ಅದರ ಸ್ಪಂಜ್ ಫಿಲ್ಟರನ್ನು ಹಳೇ ಟ್ಯಾಂಕಿನಲ್ಲಿ ಕೆಲವು ವಾರ ಓಡಿಸಿದ್ದೆ. ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಆ ಸ್ಪಂಜಿನಲ್ಲಿ ಮನೆ ಮಾಡಿರುತ್ತದೆ. ಹನಿ ಹಾಕಿ ನೋಡುವ ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ ಇಲ್ಲ ಅನ್ನುವ ಹಳದಿ ಬಣ್ಣ ಬಂದರೆ ಮಾತ್ರ ನನಗೆ ಸಮಾಧಾನ. ನಲ್ಲಿ ನೀರು ಬಳಸುವವರು ಇದರ ಜೊತೆಗೆ ಕ್ಲೋರಿನ್ ತೆಗೆಯುವ ಹನಿಯನ್ನೂ ಮರೆಯುವ ಹಾಗಿಲ್ಲ.

ಮೊದಲ ವಾರಗಳಲ್ಲಿ ಗಂಡುಗಳನ್ನು ಹತ್ತಿರ ಬಿಡಲಿಲ್ಲ. ಆಮೇಲೆ ಎರಡನ್ನು ಬಿಟ್ಟು ನೋಡಿದೆ. ಬಿಟ್ಟ ಗಳಿಗೆಯಿಂದ ಕಪ್ಪು ಹೆಣ್ಣಿನ ಹಿಂದೆ ಬಿದ್ದವು. ಅವಕ್ಕೆ ಅದು ಬಸುರಿ ಅನ್ನುವ ಲೆಕ್ಕವೇ ಇಲ್ಲ. ಪಾಪ, ಅದು ಆಹಾರ ಹಾಕಿದಾಗ ಮೇಲೆ ಬರುವುದು, ಎರಡು ತುತ್ತು ತಿನ್ನುವಷ್ಟರಲ್ಲಿ ಇವು ಬಂದು ಅಟ್ಟುವುದು. ಗಪ್ಪಿಯ ತವರಾದ ಟ್ರಿನಿಡಾಡಿನ ನದಿಗಳಲ್ಲೂ ಹೀಗೇ. ಅಲ್ಲಿ ಅಧ್ಯಯನ ಮಾಡಿದ ಆನ್ ಮಗುರನ್ ಮತ್ತು ಬೆನೊನಿ ಸೆಗರ್ಸ್, ಗಂಡುಗಳ ಕಾಟ ಹೆಚ್ಚಿದ್ದ ಕಡೆ ಹೆಣ್ಣುಗಳು ಮೇಯಲು ಕೊಡುವ ಹೊತ್ತು ಕಡಿಮೆಯಾಗುವುದನ್ನು ತೋರಿಸಿದ್ದಾರೆ. ನದಿಯಲ್ಲಾದರೆ ಓಡಿಹೋಗಲು ಜಾಗ ಇರುತ್ತದೆ. ಎರಡಡಿ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಬೇಕು ಅಂತ ಎಲ್ಲರೂ ಹೇಳುವುದು ಇದಕ್ಕೇ. ಹೊಟ್ಟೆ ದೊಡ್ಡದಾದ ಮೇಲೆ ಒಂದೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅವತ್ತೇ ಎರಡನ್ನೂ ಹಿಡಿದು ಹಳೇ ಟ್ಯಾಂಕಿಗೆ ಹಾಕಿದೆ.

ಗಬ್ಬ ನಿಂತು ಮರಿ ಹಾಕುವವರೆಗೆ ಸಾಮಾನ್ಯವಾಗಿ 21ರಿಂದ 30 ದಿನ. ಹೊಟ್ಟೆಯ ಹಿಂಭಾಗದಲ್ಲಿ, ಕೆಳಗಿನ ರೆಕ್ಕೆಯ ಹತ್ತಿರ ಕಪ್ಪು ಮಚ್ಚೆ ದೊಡ್ಡದಾಗುತ್ತಾ ಬರುತ್ತದೆ. ತಿಳಿ ಬಣ್ಣದ ಮೀನಾದರೆ ಕೊನೆಯ ದಿನಗಳಲ್ಲಿ ಆ ಮಚ್ಚೆಯೊಳಗೆ ಮರಿಗಳ ಕಣ್ಣು ಚುಕ್ಕಿಚುಕ್ಕಿಯಾಗಿ ಕಾಣುತ್ತವೆ. ಕೋಬ್ರಾಗಳಲ್ಲಿ ನಾನು ಅದನ್ನು ಚೆನ್ನಾಗಿ ನೋಡಿದೆ, ಟಾರ್ಚ್ ಕೂಡ ಬೇಕಾಗಲಿಲ್ಲ.

ಕಷ್ಟ ಇರುವುದು ಹೊಟ್ಟೆ ದಪ್ಪ ಆಗಿರುವುದೆಲ್ಲ ಗಬ್ಬ ಅಲ್ಲ ಅನ್ನುವಲ್ಲಿ. ಕೆಂಪು ಬಾಲದ ಹೆಣ್ಣು ನನ್ನ ಕಣ್ಣೆದುರೇ ಹೋದದ್ದು ಹೀಗೆ. ಅದರ ಹೊಟ್ಟೆ ಎರಡೇ ದಿನದಲ್ಲಿ ಉಬ್ಬಿತು. ಹಿಂದೆ ಮಾತ್ರವಲ್ಲ, ಎದೆಯ ಹತ್ತಿರದಿಂದಲೇ ಎಲ್ಲ ಕಡೆ ಸಮನಾಗಿ. ಮೇಲಿನಿಂದ ನೋಡಿದಾಗ ಗೊತ್ತಾಯಿತು, ಹುರುಪೆಗಳು ಮೈಗೆ ಅಂಟಿಕೊಂಡಿರದೆ ಎದ್ದು ನಿಂತಿದ್ದವು. ಇದು ಡ್ರಾಪ್ಸಿ. ಮೂತ್ರಪಿಂಡ ಕೆಲಸ ನಿಲ್ಲಿಸಿ ಒಳಗೆ ನೀರು ತುಂಬಿಕೊಳ್ಳುವುದು. ಬೇರೆ ಇಟ್ಟು, ಔಷಧಿ ಅಂಗಡಿಯಲ್ಲಿ ಸಿಗುವ ಎಪ್ಸಮ್ ಉಪ್ಪು ಹಾಕಿದೆ. ಹುರುಪೆ ಎದ್ದ ಮೇಲೆ ಉಳಿಯುವ ಮೀನು ತುಂಬಾ ಕಡಿಮೆ. ಇದೂ ಉಳಿಯಲಿಲ್ಲ. ಗಬ್ಬದ ಮೀನನ್ನು ಪಕ್ಕದಿಂದ ಮಾತ್ರ ನೋಡಿದರೆ ಸಾಲದು, ದಿನಕ್ಕೊಮ್ಮೆ ಮೇಲಿನಿಂದಲೂ ನೋಡಬೇಕು. ಆರೋಗ್ಯದ ಬಸುರಿಯ ಹುರುಪೆ ಎಷ್ಟೇ ದಪ್ಪ ಆದರೂ ನುಣ್ಣಗೇ ಇರುತ್ತದೆ. ಮಲಬದ್ಧತೆಯಿಂದಲೂ ಹೊಟ್ಟೆ ಉಬ್ಬುವುದುಂಟು, ಅದಕ್ಕೆ ಒಂದು ದಿನ ಊಟ ನಿಲ್ಲಿಸಿ, ಬೇಯಿಸಿ ಸಿಪ್ಪೆ ತೆಗೆದ ಹಸಿ ಬಟಾಣಿಯ ಚೂರು ಕೊಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ.

ಮೊದಲು ಮರಿ ಹಾಕಲು ಶುರು ಮಾಡಿದ್ದು ಒಂದು ಕೋಬ್ರಾ. ಬೆಳಿಗ್ಗೆ ಊಟ ಮುಟ್ಟಲಿಲ್ಲ. ಮೂಲೆಯಲ್ಲಿ ಅಂತರಗಂಗೆಯ ಬೇರಿನ ಕೆಳಗೆ ನಿಂತು ಜೋರಾಗಿ ಉಸಿರಾಡುತ್ತಿತ್ತು. ಮಧ್ಯಾಹ್ನಕ್ಕೆ ಕೆಲವು ಮರಿ ಹಾಕಿತು. ಅಷ್ಟರಲ್ಲಿ ಶಾಲೆಯಿಂದ ಬಂದ ಮಕ್ಕಳು, ಅವರ ಗೆಳೆಯರು ಎಲ್ಲ ಗಾಜಿಗೆ ಮುಖ ಒತ್ತಿಕೊಂಡು ನಿಂತರು. ಮೀನು ನಿಂತುಬಿಟ್ಟಿತು. ಒಂದು ಮರಿ ಅರ್ಧ ಹೊರಗೆ ಬಂದು ಅಲ್ಲೇ ಸಿಕ್ಕಿಕೊಂಡಿತ್ತು.

ನಮ್ಮತ್ತೆ ಶಿರಾ ಕಡೆಯವರು, ಹಸು ಎಮ್ಮೆಗಳ ನಡುವೆ ಬೆಳೆದವರು. ಅಲ್ಲಿಯವರೆಗೂ ಸುಮ್ಮನೆ ನೋಡುತ್ತಿದ್ದವರು ಮಕ್ಕಳನ್ನೆಲ್ಲ ಆಚೆಗೆ ಕಳಿಸಿದರು. "ಎಲ್ರೂ ಸುತ್ತ ನಿಂತ್ಕೊಂಡು ನೋಡ್ತಿದ್ರೆ ಹಸೂನೂ ಕರು ಹಾಕಲ್ಲ ಕಣಮ್ಮ. ಒಂದು ಬಟ್ಟೆ ಮುಚ್ಚು, ಅದರ ಪಾಡಿಗೆ ಬಿಡು" ಅಂದರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಹೆದರಿದ ಗಪ್ಪಿ ಮರಿ ಹಾಕುವುದನ್ನು ನಡುವೆ ನಿಲ್ಲಿಸುತ್ತದೆ. ಹೆಚ್ಚು ಹೊತ್ತು ನಿಂತರೆ ಒಳಗಿನ ಮರಿ ಸತ್ತು ಕೊಳೆತು ತಾಯಿಗೂ ಸೋಂಕು ತಗಲುತ್ತದೆ. ಕೈಯಿಂದ ಹೊಟ್ಟೆ ಒತ್ತಿ ಮರಿ ತೆಗೆಯಲು ಹೋಗುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಒಳಗಿನ ಅಂಗ ಹರಿಯುತ್ತದೆ. ನಾನು ಟ್ಯಾಂಕಿನ ಲೈಟು ಆರಿಸಿದೆ. ಹತ್ತಿ ಸೀರೆಯೊಂದನ್ನು ಮೂರು ಬದಿಗೂ ಇಳಿಬಿಟ್ಟೆ. ಅದೇ ಬಿಸಿ ಇರುವ ತಾಜಾ ನೀರನ್ನು ಐದನೇ ಒಂದು ಭಾಗದಷ್ಟು ನಿಧಾನವಾಗಿ ಬದಲಾಯಿಸಿದೆ. ಏರ್ ಪಂಪಿನ ಗಾಳಿ ಸ್ವಲ್ಪ ಹೆಚ್ಚಿಸಿದೆ. ಕತ್ತಲಾದ ಮೇಲೆ ಮತ್ತೆ ಮರಿ ಬರಲು ಶುರುವಾಯಿತು. ಸಿಕ್ಕಿಕೊಂಡಿದ್ದ ಮರಿ ಸತ್ತಿತ್ತು. ಅದರ ಹಿಂದೆ ಬಂದವು ಬದುಕಿದವು. ಬೆಳಿಗ್ಗೆ ನೋಡಿದಾಗ ತಾಯಿಯ ಹೊಟ್ಟೆ ಚಪ್ಪಟೆಯಾಗಿತ್ತು, ಹಸಿದುಕೊಂಡು ಮೇಲೆ ಬಂತು.

ಬ್ರೀಡಿಂಗ್ ಬಾಕ್ಸ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಮರಿಗಳನ್ನು ತಾಯಿ ತಿನ್ನದಿರಲಿ ಅಂತ ಇಡುವ ಪ್ಲಾಸ್ಟಿಕ್ ಡಬ್ಬ ಅದು. ಮರಿಗೆ ಒಳ್ಳೆಯದು, ತಾಯಿಗೆ ಅಲ್ಲ. ತಿರುಗಲೂ ಜಾಗ ಸಾಲದು, ನೀರು ಸರಿಯಾಗಿ ಹರಿಯುವುದಿಲ್ಲ. ದಿನಗಟ್ಟಲೆ ಅದರಲ್ಲಿ ಇಟ್ಟರೆ ಆ ಒತ್ತಡದಿಂದಲೇ ಗಬ್ಬ ಇಳಿಯುತ್ತದೆ. ನನ್ನ ಟ್ಯಾಂಕಿನಲ್ಲಿ ಮೇಲೆ ಅಂತರಗಂಗೆ, ಕೆಳಗೆ ಜಾವಾ ಪಾಚಿ ದಟ್ಟವಾಗಿದೆ. ಮರಿಗಳು ಅದರೊಳಗೆ ಅಡಗುತ್ತವೆ. ಒಂದಷ್ಟನ್ನು ದೊಡ್ಡವು ತಿನ್ನುತ್ತವೆ, ಅದನ್ನು ಒಪ್ಪಿಕೊಂಡಿದ್ದೇನೆ. ಒಂದು ಸೂಲಿಗೆ ಇಪ್ಪತ್ತರಿಂದ ಅರವತ್ತು ಮರಿ ಹಾಕುವ ಮೀನಿನಲ್ಲಿ ಎಲ್ಲವನ್ನೂ ಉಳಿಸಿಕೊಂಡರೆ ಅವುಗಳ ಕೊಳೆಯಿಂದಲೇ ಮುಂದಿನ ಬಸುರಿಗಳಿಗೆ ನೀರು ಕೆಡುತ್ತದೆ.

ನನಗೆ ಅತಿ ಹೆಚ್ಚು ಆತಂಕ ತಂದದ್ದು ಕಪ್ಪು ಮಾಸ್ಕೋ. ಚೆನ್ನಾಗಿ ತಿನ್ನುತ್ತಿತ್ತು, ಹೊಟ್ಟೆ ತುಂಬಿತ್ತು, ಆದರೆ ಬೆನ್ನು ಸೊರಗುತ್ತಿತ್ತು. ಒಂದು ದಿನ ಅದು ಅಲ್ಲಾಡದೆ ನಿಂತಿದ್ದಾಗ ಗುದದಿಂದ ಕೆಂಪು ನೂಲಿನಂಥವು ಎರಡು ಮೂರು ಹೊರಗೆ ಇಣುಕುತ್ತಿದ್ದದ್ದು ಕಂಡಿತು. ಮೀನು ಚಲಿಸಿದ ಕೂಡಲೇ ಒಳಗೆ ಸೇರಿಕೊಂಡವು. ಕಮಲಾನಸ್ ಅನ್ನುವ ಹುಳು ಅದು. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಈ ಹುಳುವೂ ಗಪ್ಪಿಯ ಹಾಗೆ ಜೀವಂತ ಮರಿಗಳನ್ನೇ ಹಾಕುತ್ತದೆ. ಅವು ತಳಕ್ಕೆ ಬಿದ್ದು ಇನ್ನೊಂದು ಮೀನಿನ ಬಾಯಿ ಸೇರುತ್ತವೆ. ಹಾಗಾಗಿ ಒಂದು ಮೀನಿನಲ್ಲಿ ಕಂಡರೆ ಟ್ಯಾಂಕಿನ ಎಲ್ಲದರಲ್ಲೂ ಇದೆ ಅಂತಲೇ ತಿಳಿಯಬೇಕು. ರಕ್ತ ಕಡಿಮೆಯಾದ ಮೈಗೆ ಮರಿ ಹಾಕುವ ಶ್ರಮ ತಡೆಯಲಾಗುವುದಿಲ್ಲ. "ಹೆರಿಗೆಯಲ್ಲಿ ಸತ್ತ" ಎಷ್ಟೋ ಗಪ್ಪಿಗಳು ನಿಜವಾಗಿ ಈ ಹುಳುವಿಗೇ ಬಲಿಯಾಗಿರುತ್ತವೆ ಅಂತ ನನಗೆ ಅನಿಸುತ್ತದೆ.

ಇದಕ್ಕೆ ಔಷಧಿ ಲೆವಮಿಸೋಲ್. ಮೀನಿನ ಅಂಗಡಿಯಲ್ಲಿ ಸಿಗಲಿಲ್ಲ. ಕುರಿ, ಮೇಕೆಗೆ ಜಂತುಹುಳು ಔಷಧಿ ಮಾರುವ ಕಡೆ ಸಿಕ್ಕಿತು. ಪಶು ಆಸ್ಪತ್ರೆಯ ವೈದ್ಯರು ಮೀನಿಗೆ ಅಂತ ಹೇಳಿದಾಗ ಬೇಸರ ಮಾಡಿಕೊಳ್ಳದೆ ಕೂತು ಲೆಕ್ಕ ಹಾಕಿಕೊಟ್ಟರು. ಲೀಟರಿಗೆ 2 ಮಿಲಿಗ್ರಾಂ. ಟ್ಯಾಂಕು ಹೇಳುವುದಕ್ಕೆ 60 ಲೀಟರು, ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾದ ನೀರು 50. ಹಾಗಾಗಿ 100 ಮಿಲಿಗ್ರಾಂ. ಈ ಲೆಕ್ಕ ತಪ್ಪಬಾರದು.

ಬಸುರಿಗೆ ಔಷಧಿ ಹಾಕುವುದೋ ಬೇಡವೋ ಅಂತ ತುಂಬಾ ಯೋಚಿಸಿದೆ. ಹಾಕದಿದ್ದರೆ ಹುಳು ಅದನ್ನು ಹೇಗೂ ಉಳಿಸುವುದಿಲ್ಲ. ಹುಟ್ಟುವ ಮರಿಗಳೂ ಅದೇ ನೀರಿನಲ್ಲಿ ಬೆಳೆಯಬೇಕು. ಕೊನೆಗೆ ಹಾಕಿದೆ. ಬೆಳಕಿಗೆ ಔಷಧಿ ಕೆಡುತ್ತದೆ, ಆದ್ದರಿಂದ ಟ್ಯಾಂಕಿಗೆ ಕಂಬಳಿ ಸುತ್ತಿ ಒಂದು ದಿನ ಪೂರ್ತಿ ಕತ್ತಲು ಮಾಡಿದೆ. ಔಷಧಿಯನ್ನು ಹೀರಿಕೊಳ್ಳದಿರಲಿ ಅಂತ ಫಿಲ್ಟರಿನ ಇದ್ದಿಲನ್ನು ಮೊದಲೇ ತೆಗೆದಿದ್ದೆ. ಲೆವಮಿಸೋಲ್ ಹುಳುವನ್ನು ಮರಗಟ್ಟಿಸುತ್ತದೆ. ಹಿಡಿತ ಬಿಟ್ಟ ಹುಳುಗಳನ್ನು ಮೀನು ಹೊರಹಾಕುತ್ತದೆ. ಮಾರನೇ ದಿನ ಪೈಪು ಹಾಕಿ ತಳವನ್ನು ಎಳೆದೆಳೆದು ಶುಚಿ ಮಾಡಿ, ಅರ್ಧಕ್ಕಿಂತ ಹೆಚ್ಚು ನೀರು ಬದಲಾಯಿಸಿದೆ. ತೆಗೆದ ನೀರಿನಲ್ಲಿ ಕೆಂಪು ಹುಳುಗಳು ಸಾಕಷ್ಟಿದ್ದವು. ಮೂರು ವಾರದ ಹೊತ್ತಿಗೆ ಇದೇ ಕೆಲಸ ಇನ್ನೊಂದು ಸಲ ಮಾಡಬೇಕು, ತಳದಲ್ಲಿ ಉಳಿದವು ಅಷ್ಟರಲ್ಲಿ ಮತ್ತೆ ಮೀನಿನೊಳಗೆ ಸೇರಿರುತ್ತವೆ. ಪಕ್ಕದ ಮನೆಯ ಹುಡುಗನಿಗೆ ನನ್ನ ಟ್ಯಾಂಕಿನ ಪಾಚಿ ಕೊಟ್ಟಿದ್ದೆ. ಅವನ ಟ್ಯಾಂಕಿಗೂ ಅದೇ ದಿನ ಔಷಧಿ ಹಾಕಿಸಿದೆ.

ಕಪ್ಪು ಮಾಸ್ಕೋ ಎರಡು ಸುತ್ತಿನ ಔಷಧಿಯ ನಡುವೆ ಮರಿ ಹಾಕಿತು. ಸೂಲು ಚಿಕ್ಕದು, ಕೆಲವು ಬಲಿಯದೆ ಬಂದ ಮೊಟ್ಟೆಗಳು. ಹುಟ್ಟಿದ ಮರಿಗಳು ಮಾತ್ರ ಗಟ್ಟಿಯಾಗಿದ್ದವು. ತಾಯಿಯ ಬೆನ್ನು ಮತ್ತೆ ತುಂಬಿಕೊಳ್ಳಲು ಮುಂದಿನ ಸೂಲಿನವರೆಗೂ ಬೇಕಾಯಿತು.

ಏಪ್ರಿಲ್ ಬಂದ ಮೇಲೆ ಇನ್ನೊಂದು ಹೋರಾಟ. ಟ್ಯಾಂಕಿನ ನೀರು ಮಧ್ಯಾಹ್ನ 32 ಡಿಗ್ರಿ ಮುಟ್ಟುತ್ತಿತ್ತು. ಗಪ್ಪಿಗೆ 24ರಿಂದ 28 ಹಿತ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ 8 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ, 32ರಲ್ಲಿ ಏಳೂ ಚಿಲ್ಲರೆ ಮಾತ್ರ. ಅದೇ ಹೊತ್ತಿಗೆ ಮೀನಿಗೆ ಬೇಕಾಗುವ ಆಮ್ಲಜನಕ ಏರಿರುತ್ತದೆ, ಹೊಟ್ಟೆಯೊಳಗಿನ ಮರಿಗಳಿಗೂ ಅದೇ ಉಸಿರಿನಿಂದ ಪಾಲು ಹೋಗಬೇಕು. ಇದರ ಮೇಲೆ ಕರೆಂಟ್ ಹೋದರೆ ಗಾಳಿಯೂ ಬಂದ್. ಬ್ಯಾಟರಿಯಲ್ಲಿ ಓಡುವ ಸಣ್ಣ ಏರ್ ಪಂಪು ತಂದಿಟ್ಟೆ. ಟ್ಯಾಂಕಿನ ಮುಚ್ಚಳ ತೆಗೆದು ಬಲೆ ಹಾಸಿ, ಪುಟ್ಟ ಫ್ಯಾನಿನ ಗಾಳಿ ನೀರಿನ ಮೇಲೆ ಬೀಳುವ ಹಾಗೆ ಮಾಡಿದೆ. ಎರಡು ಡಿಗ್ರಿಯಷ್ಟು ಇಳಿಯಿತು. ಐಸ್ ಹಾಕಲಿಲ್ಲ. ಬಿಸಿಗಿಂತ ಥಟ್ಟನೆ ಬರುವ ತಣ್ಣನೆಯೇ ಬಸುರಿಗೆ ಹೆಚ್ಚು ಕೆಟ್ಟದ್ದು.

ಎರಡನೇ ಕೋಬ್ರಾ ಈ ಬಿಸಿಲಿನಲ್ಲೇ ಮರಿ ಹಾಕಿತು, ಯಾವ ತೊಂದರೆಯೂ ಇಲ್ಲದೆ. ಅದರ ಬಗ್ಗೆ ಹೇಳಲು ಏನೂ ಇಲ್ಲ ಅನ್ನುವುದೇ ನನಗೆ ಸಂತೋಷ.

ಮರಿ ಹಾಕಿದ ಕೆಲವೇ ಗಂಟೆಗಳಲ್ಲಿ ಹೆಣ್ಣು ಮತ್ತೆ ಗಂಡಿಗೆ ಸಿದ್ಧವಾಗುತ್ತದೆ. ಗಂಡುಗಳಿಗೂ ಅದು ವಾಸನೆಯಿಂದಲೇ ಗೊತ್ತಾಗುತ್ತದೆ. ಆಗ ದಣಿದ ತಾಯಿಯನ್ನು ಗಂಡುಗಳ ಟ್ಯಾಂಕಿಗೆ ಬಿಟ್ಟರೆ ಅವು ಮುತ್ತಿಕೊಳ್ಳುತ್ತವೆ. ನಾನು ವಾರವಾದರೂ ಬೇರೆ ಇಟ್ಟು, ಆರ್ಟೀಮಿಯಾ (ಸೀಗಡಿಯಂಥ ಪುಟ್ಟ ಜೀವಿ) ಕೊಟ್ಟು, ಮೈ ಕಟ್ಟಿದ ಮೇಲೆ ಸೇರಿಸುತ್ತೇನೆ. ಜೀವಂತ ಟ್ಯೂಬಿಫೆಕ್ಸ್ ಹುಳುವನ್ನು ಮಾತ್ರ ಕೊಡುವುದಿಲ್ಲ, ಕೊಳಚೆಯಲ್ಲಿ ಬೆಳೆಯುವ ಅದರ ಜೊತೆ ರೋಗವೂ ಬರುತ್ತದೆ.

ನಮ್ಮ ಜಿಲ್ಲೆಗಳ ಬಾವಿ, ತೊಟ್ಟಿಗಳಿಗೆ ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಗಪ್ಪಿ ಬಿಡುವುದನ್ನು ನೋಡಿರುತ್ತೀರಿ. ಬಣ್ಣವಿಲ್ಲದ ಆ ಬಾವಿ ಗಪ್ಪಿಗಳು ಗಟ್ಟಿಮುಟ್ಟು, ಯಾರ ಆರೈಕೆಯೂ ಇಲ್ಲದೆ ಮರಿ ಹಾಕುತ್ತವೆ. ಬಣ್ಣಕ್ಕೆ, ಬಾಲಕ್ಕೆ ಅಂತ ಒಂದೇ ಮನೆತನದೊಳಗೆ ತಲೆಮಾರುಗಟ್ಟಲೆ ಕೂಡಿಸಿದ ಅಂಗಡಿ ಗಪ್ಪಿಗೆ ಆ ಗಟ್ಟಿತನ ಉಳಿದಿಲ್ಲ. ಅದಕ್ಕೇ ಈಗ ಎರಡು ಕೋಬ್ರಾಗಳ ಮರಿಗಳಲ್ಲಿ ಗಂಡುಗಳನ್ನು, ಕೆಳಗಿನ ರೆಕ್ಕೆ ಚೂಪಾಗತೊಡಗಿದ ಕೂಡಲೇ, ಬೇರೆ ಮಾಡಿದ್ದೇನೆ. ಆ ಹೆಣ್ಣುಮರಿಗಳಿಗೆ ಗಂಡು ಬೇರೆ ಕಡೆಯಿಂದ ತರಬೇಕು. ಪಕ್ಕದ ಮನೆಯ ಹುಡುಗನ ಟ್ಯಾಂಕಿನಲ್ಲಿ ಒಳ್ಳೆಯ ನೀಲಿ ಗಂಡೊಂದಿದೆ. ಎರಡೂ ಟ್ಯಾಂಕಿನ ಹುಳು ಪೂರ್ತಿ ಹೋಗಿದೆ ಅಂತ ಖಾತ್ರಿಯಾದ ಮೇಲೆ, ಹೆಣ್ಣುಗಳಿಗೆ ನಾಲ್ಕು ತಿಂಗಳು ತುಂಬಿದ ಮೇಲೆ, ಅದನ್ನು ಕೇಳಬೇಕು ಅಂದುಕೊಂಡಿದ್ದೇನೆ.